ಇನ್ನೊಂದು ಸಲ ಅಳೆಯುವುದು

ಅಮ್ಮಾ,

ಭೌತಶಾಸ್ತ್ರದಿಂದ ಜೀವಶಾಸ್ತ್ರಕ್ಕೆ ಬರುವ ಹೊಸ ಸಂಶೋಧಕರಿಗೆ ಕೊಡುವ ಧನಸಹಾಯದ ಸಂದರ್ಶನ ಹೋದ ತಿಂಗಳು ಮುಗಿಯಿತು. ಹೃದಯದ ಜೀವಕೋಶಗಳ ಮಿಡಿತವನ್ನು ಲೇಸರಿನಿಂದ ಅಳೆಯುತ್ತೇನೆ ಎಂದು ವಿವರಿಸಿದೆ.

"ಅಳತೆ ನಂಬೋ ಹಾಗಿಲ್ಲದಿದ್ರೆ ಏನ್ಮಾಡ್ತೀಯಮ್ಮಾ?" ಎಂದು ಹಿರಿಯ ಜೀವಶಾಸ್ತ್ರಜ್ಞೆ ಕೇಳಿದರು.

"ಇನ್ನೊಂದು ಸಲ ಅಳೀತೀನಿ, ಮೇಡಂ."

"ಅಲ್ಲೀವರೆಗೂ ಆ ಜೀವಕೋಶ ಬದುಕಿರುತ್ತಾ? ಇದು ನಿಮ್ಮ ಭೌತಶಾಸ್ತ್ರದ ಲೋಲಕ ಅಲ್ಲ ಕಣಮ್ಮಾ."

ಎಲ್ಲರೂ ನಕ್ಕರು. ನನಗೆ ನೀನು ತೀರಿಕೊಂಡ ದಿನ ನೆನಪಾಯಿತು. ಅವತ್ತು ನಿನ್ನ ನಾಡಿ ಎಣಿಸಿ, ನಂಬದೆ, ನಾನು ಮತ್ತೆ ಎಣಿಸುತ್ತ ಕೂತಿದ್ದೆ. ಆಸ್ಪತ್ರೆಗೆ ಹೋಗಲು ಗಾಡಿ ತರಿಸಲೇ ಎಂದು ಕೇಳುತ್ತ ಅಪ್ಪ ಬಾಗಿಲಲ್ಲೇ ನಿಂತಿದ್ದರು.

ಹಣ ಮಂಜೂರಾಗಿದೆ. ಸೋಮವಾರ ಜೀವಕೋಶಗಳ ಮೊದಲ ತಟ್ಟೆ ನನ್ನ ಕೈಗೆ ಬರುತ್ತದೆ. ಅವು ಮಿಡಿಯುತ್ತಿರುತ್ತವಂತೆ. ನನಗೆ ಭಯವಾಗುತ್ತಿದೆ, ಅಮ್ಮಾ. ಈ ಸಲವಾದರೂ ಮೊದಲ ಎಣಿಕೆಯನ್ನು ನಂಬುತ್ತೇನೆಯೇ?