ಅಮ್ಮಣಿ ಇಟ್ಟ ಬಿಲ್ಲೆ

ಪುಂಜಾಲಕಟ್ಟೆ
೯ ಫೆಬ್ರವರಿ ೨೦೨೫

ಪ್ರೀತಿಯ ತಮ್ಮ ಶ್ರೇಯಾಂಸ್,

ಜೈ ಜಿನೇಂದ್ರ. ಬೆನ್ನುನೋವು ಈಗ ಹೇಗಿದೆ? ಮಸ್ಕತ್‌ನಲ್ಲಿ ಎಣ್ಣೆ ತಿಕ್ಕಿಕೊಡುವವರು ಯಾರಿದ್ದಾರೆ ಎಂದು ಅಮ್ಮ ದಿನಾ ಕೊರಗುತ್ತಾರೆ. ಮಸ್ಕತ್‌ಗೆ ಬರುತ್ತಿರುವ ನೌಫಲ್ ಕೈಯಲ್ಲಿ ಎಣ್ಣೆಯ ಕುಪ್ಪಿ ಕಳಿಸಿದ್ದೇನೆ. ನಾವೆಲ್ಲ ಆರೋಗ್ಯ. ಫೋನಿನಲ್ಲಿ ನೀನು ನನಗೆ ಮಾತಾಡಲು ಬಿಡುವುದಿಲ್ಲ, ಆದ್ದರಿಂದ ಅರ್ಜಿಯ ಕಾಗದಗಳ ಜೊತೆ ಇದನ್ನೂ ಇಟ್ಟಿದ್ದೇನೆ. ಕೂತು ಓದು.

ನಮ್ಮ ಅಡಿಕೆ ಹಾಳೆಯ ತಟ್ಟೆ ಘಟಕಕ್ಕೆ ಸಬ್ಸಿಡಿಯಲ್ಲಿ ಮಿಷನ್ ಬಂದು ಮೂರು ವರ್ಷವಾಯಿತು. ಹೊರಡುವಾಗ ನೀನು ಬೆರಳೆತ್ತಿ ಹೇಳಿದ್ದೆ, "ಸಬ್ಸಿಡಿದ್ದು ಅಕ್ಕ, ಒಂದು ಬೋಲ್ಟ್ ಸಹ ಮುಟ್ಬಾರ್ದು" ಎಂದು. ನಾನೂ ದಿನಾ ಒರೆಸಿ, ಬಟ್ಟೆ ಹೊದೆಸಿ, ಬಂದ ಹಾಗೆಯೇ ಇಟ್ಟೆ. ಮೇಲಿನ ಅಚ್ಚು ಒಂದೇ ಏಟಿಗೆ ಕೂತು ಹತ್ತರಲ್ಲಿ ಮೂರು ತಟ್ಟೆ ಅಂಚಿನಲ್ಲಿ ಹರಿಯುತ್ತಿತ್ತು. ಹಾಳೆಯೇ ಸರಿಯಿಲ್ಲ ಎಂದು ಸುಮ್ಮನಿದ್ದೆ.

ಮಿಷನ್ ನಡೆಸುವ ಅಮ್ಮಣಿ ಸುಮ್ಮನಿರಲಿಲ್ಲ. ನವೆಂಬರಿನಲ್ಲಿ ನಾನು ಮೂಡುಬಿದಿರೆಗೆ ತಟ್ಟೆ ಕೊಟ್ಟು ಬರುವಷ್ಟರಲ್ಲಿ ಅಚ್ಚುಗಳ ನಡುವೆ ಒಂದು ಕಬ್ಬಿಣದ ಬಿಲ್ಲೆ ಇಟ್ಟಿದ್ದಳು. ಅಚ್ಚು ಅರ್ಧಕ್ಕೆ ನಿಲ್ಲುತ್ತದೆ, ಹಾಳೆ ಬಿಸಿಗೆ ಮೆತ್ತಗಾಗುತ್ತದೆ, ಆಮೇಲೆ ಬಿಲ್ಲೆ ಎಳೆದು ಪೂರ್ತಿ ಒತ್ತುವುದು. ನನಗೆ ಸಿಟ್ಟು ನೆತ್ತಿಗೇರಿತು. ಉಳಿದ ಹೆಂಗಸರ ಎದುರೇ ಬೈದು ತೆಗೆಸಿದೆ. ಅವಳು ಹೇಳಿದ್ದು ಇಷ್ಟೇ: "ಬಾಳೆಲೆ ಬಾಡಿಸದೆ ಮಡಚಿದ್ರೆ ಹರಿಯುದಿಲ್ವಾ ಅಕ್ಕ? ಇದೂ ಹಾಗೇ."

ಆ ಮಾತು ತಲೆಯಿಂದ ಹೋಗಲಿಲ್ಲ. ಸಬ್ಸಿಡಿ ಕೊಟ್ಟ ಬಂಟ್ವಾಳದ ಕಚೇರಿಗೆ ಹೋದಾಗ, ಮಿಷನ್ ಮುಟ್ಟಬಹುದೇ ಎಂದು ಕೇಳಿಯೇಬಿಟ್ಟೆ. ಅಧಿಕಾರಿ ನಮ್ಮ ಕರಾರುಪತ್ರ ತೆಗೆದು ನನ್ನಿಂದಲೇ ಓದಿಸಿದರು. ಮಾರಬಾರದು, ಬೇರೆ ಕಡೆ ಸಾಗಿಸಬಾರದು ಎಂದು ಮಾತ್ರ ಇತ್ತು. "ಸರ್ಕಾರ ಕೊಟ್ಟದ್ದು ಓಡಿಸ್ಲಿಕ್ಕೆ ಮೇಡಂ, ಹೊದೆಸಿ ಇಡ್ಲಿಕ್ಕೆ ಅಲ್ಲ" ಎಂದರು. ನಿನ್ನದು ಡಿಪ್ಲೊಮಾ, ನನ್ನದು ಬಿ.ಕಾಂ., ನಾಲ್ಕು ಪುಟ ಓದಲು ಇಬ್ಬರಿಗೂ ಪುರುಸೊತ್ತಾಗಲಿಲ್ಲ. ಬಸ್ಸಿನಲ್ಲಿ ಬರುವಾಗ ನಾಚಿಕೆಯಾಯಿತು ಮಾರಾಯ.

ಮರುದಿನ ಅದೇ ಹೆಂಗಸರ ಎದುರು ಅಮ್ಮಣಿಯ ಕ್ಷಮೆ ಕೇಳಿದೆ. ಅವಳು ಬಿಲ್ಲೆಯನ್ನು ಮತ್ತೆ ಇಟ್ಟಳು. ಈಗ ನೂರರಲ್ಲಿ ನಾಲ್ಕು ಹರಿದರೆ ಹೆಚ್ಚು. ಅಷ್ಟೇ ಜನ, ಅಷ್ಟೇ ಕರೆಂಟು. ದಿನಕ್ಕೆ ಆರುನೂರು ಆಗುತ್ತಿದ್ದ ಒಳ್ಳೆಯ ತಟ್ಟೆ ಎಂಟುನೂರು ದಾಟಿದೆ.

ಮಿಷನನ್ನು ತಾವೇ ಸುಧಾರಿಸಿಕೊಂಡ ಸಣ್ಣ ಘಟಕಗಳಿಗೆ ಹೊಸ ಸಹಾಯಧನ ಉಂಟಂತೆ. ಸಿಕ್ಕಿದರೆ ಇಂಥದ್ದೇ ಇನ್ನೆರಡು ಮಿಷನ್ ಹಾಕಬಹುದು. ಅದರ ಅರ್ಜಿಯೇ ಇದು. "ಸುಧಾರಣೆ ಮಾಡಿದವರು" ಎಂಬ ಅಂಕಣದಲ್ಲಿ "ಡಿಪ್ಲೊಮಾ ಆದವರ ಹೆಸರಿದ್ದರೆ ತೂಕ, ನನ್ನದೇ ಹಾಕು" ಎಂದು ನೀನು ಫೋನಿನಲ್ಲಿ ಹೇಳಿದಾಗ ನಾನು ಹೂಂ ಎಂದಿದ್ದೆ. ಪಾಲುದಾರನಾಗಿ ನೀನು ಸಹಿ ಹಾಕಬೇಕಾದ ಜಾಗಕ್ಕೆ ಪೆನ್ಸಿಲಿನಲ್ಲಿ ಗುರುತು ಮಾಡಿದ್ದೇನೆ. ಇಪ್ಪತ್ತಕ್ಕೆ ನೌಫಲ್ ಅಲ್ಲಿಂದ ವಾಪಸು ಊರಿಗೆ ಹೊರಡುತ್ತಾನೆ, ಅವನ ಕೈಯಲ್ಲೇ ಕೊಡು.

ಅಮ್ಮನ ಆಶೀರ್ವಾದ, ಮಕ್ಕಳ ನೆನಪುಗಳು. ಹೊತ್ತಿಗೆ ಸರಿಯಾಗಿ ಊಟ ಮಾಡು.

ನಿನ್ನ ಅಕ್ಕ,
ಸಾಧನಾ

ತಾ.ಕ.: ನೌಫಲ್ ಬಾಗಿಲಲ್ಲಿ ನಿಂತಿದ್ದಾನೆ. ಆ ಅಂಕಣದಲ್ಲಿ ಅಮ್ಮಣಿಯ ಹೆಸರು ಬರೆದಿದ್ದೇನೆ, ಓದಿದ್ದು ಏಳನೇ ತರಗತಿ ಎಂದೂ ಬರೆದಿದ್ದೇನೆ. ಅವಳಿಗೆ ಹೇಳಿಲ್ಲ. ಕೊಕ್ಕಡದ ಒಂದು ಘಟಕದವರು ಅವಳನ್ನು ಕೆಲಸಕ್ಕೆ ಕರೆಯುತ್ತಿದ್ದಾರೆ. ನೀನು ಸಹಿ ಹಾಕದಿದ್ದರೆ ಸಹಾಯಧನ ತಪ್ಪುತ್ತದೆ, ಅಷ್ಟೇ. ನಿನ್ನ ಹೆಸರು ಹಾಕಿ ಅರ್ಜಿ ಕೊಟ್ಟರೆ, ಅವಳ ಮುಖ ನೋಡಿ "ಹೋಗಬೇಡ, ಇಲ್ಲೇ ಇರು" ಎನ್ನಲು ನನಗೆ ಬಾಯಿ ಬರುವುದಿಲ್ಲ.