ಹುಳ ಬಿದ್ದಿತ್ತು ಅಂತ ಹೇಳು

ದಾವಣಗೆರೆ
19 ಜೂನ್ 2025

ಪ್ರೀತಿಯ ಗುಲ್ನಾಜ್,

ನೀನೂ ಮಕ್ಕಳೂ ಚೆನ್ನಾಗಿದ್ದೀರಿ ಎಂದುಕೊಂಡಿದ್ದೇನೆ. ಬೀಬಿಜಾನ್ ಅಮ್ಮನ ಮೊಣಕಾಲು ನೋವು ಕಡಿಮೆಯಾಯಿತೆ? ನಿನ್ನ ಯಾವ ಮೆಸೇಜಿಗೂ ಉತ್ತರ ಕೊಟ್ಟಿಲ್ಲ, ಸಿಟ್ಟಾಗಬೇಡ. ಫೋನ್ ಮಾಡೋಣವೆಂದರೆ ನಮ್ಮ ಮನೆಯ ಯಾವ ಮೂಲೆಯಲ್ಲಿ ನಿಂತು ಮಾತಾಡಿದರೂ ಅತ್ತೆಗೆ ಕೇಳಿಸುತ್ತದೆ, ಶಾಲೆಯಲ್ಲಿ ಸುತ್ತ ಜನ. ಮೆಸೇಜ್ ಹಾಕೋಣವೆಂದರೆ ನಿನ್ನ ಫೋನು ನಿನಗಿಂತ ಹೆಚ್ಚು ನಿನ್ನ ಮಗ ಸುಫಿಯಾನ್ ಕೈಯಲ್ಲೇ ಇರುತ್ತದೆ. ಅದಕ್ಕೇ ಸ್ಟಾಫ್ ರೂಮಿನಲ್ಲಿ ಕುಳಿತು ಈ ಕಾಗದ ಬರೆಯುತ್ತಿದ್ದೇನೆ. ಹರಿಹರದಿಂದ ಓಡಾಡುವ ತನುಶ್ರೀ ಮೇಡಂ ಸಂಜೆ ನಿನಗೆ ತಲುಪಿಸುತ್ತಾರೆ.

ನೀನು ಕೊಟ್ಟ ಹೋಯಾ ಬಳ್ಳಿ ಈ ಸಲ ಹೂ ಬಿಟ್ಟಿತೆ ಎಂದು ಮೆಸೇಜಿನಲ್ಲಿ ಕೇಳಿದ್ದೆಯಲ್ಲ. ಬಳ್ಳಿ ಸತ್ತುಹೋಯಿತು. ಭಾನುವಾರ ನೀನು ಬಂದಾಗ ಅದು ಹೇಗೆ ಸತ್ತಿತೆಂದು ಅತ್ತೆ ನಿನ್ನನ್ನು ಕೇಳುತ್ತಾರೆ. ಬೇರಿಗೆ ಹುಳ ಬಿದ್ದಿತ್ತು ಅಂತ ಹೇಳು. ನೀರಿನ ಮಾತು ಎತ್ತಬೇಡ. ಇದಿಷ್ಟಕ್ಕೇ ಈ ಕಾಗದ.

ಕಾರಣ ಹೇಳದೆ ನಿನ್ನ ಕೈಯಲ್ಲಿ ಸುಳ್ಳು ಹೇಳಿಸಲಾರೆ.

ನೆಡಲು ಬಳ್ಳಿಯ ಕಡ್ಡಿ ಕೊಟ್ಟ ದಿನ ನೀನು ಹೇಳಿದ್ದು ನೆನಪಿದೆ: "ಲೇ ನಯನಾ, ಇದನ್ನ ಮಗು ಸಾಕ್ದಂಗೆ ಸಾಕಬ್ಯಾಡ. ಎಲಿ ದಪ್ಪ ಐತೆ, ಅದರಾಗೇ ನೀರು ಇಟ್ಕೊಂಡಿರ್ತೈತೆ. ಮಣ್ಣು ಒಣಗೋತನ ಮರ್ತು ಬಿಡು." ಹಾಗೆಯೇ ಮಾಡಿದ್ದೆ. ತೆಂಗಿನ ನಾರು, ಇದ್ದಿಲ ಚೂರು ಬೆರೆಸಿದ ಮಣ್ಣು, ಪೂರ್ವದ ಕಿಟಕಿ, ಕೆಳಗೆ ತೂತಿರುವ ತೂಗುಕುಂಡ. ಹೂ ಉದುರಿದ ಮೇಲೂ ತೊಟ್ಟು ಚಿವುಟಲಿಲ್ಲ, ಮುಂದಿನ ಹೂ ಅದೇ ತೊಟ್ಟಿನಲ್ಲಿ ಬರುತ್ತದೆ ಎಂದಿದ್ದೆಯಲ್ಲ. ಹೋದ ವರ್ಷ ಎರಡು ಗೊಂಚಲು ಬಿಟ್ಟಿತ್ತು. ಮೇಣದಲ್ಲಿ ಅಚ್ಚು ಹಾಕಿದಂಥ ಆ ಹೂವನ್ನು ಪ್ರಭು ಉಗುರಿನಿಂದ ಮುಟ್ಟಿ ನೋಡಿ, "ಪ್ಲಾಸ್ಟಿಕ್ ತಂದು ನೇತು ಹಾಕೀಯ, ನನ್ನ ಯಾಮಾರಿಸಬ್ಯಾಡ" ಎಂದು ನಕ್ಕಿದ್ದರು. ಕಿಡ್ನಿ ಎರಡೂ ಕೈಕೊಟ್ಟ ಮೇಲೆ ಮಂಡಿಪೇಟೆಯ ಅಂಗಡಿಯನ್ನು ತಮ್ಮನಿಗೆ ಬಿಟ್ಟು ಮನೆಯಲ್ಲೇ ಇದ್ದರಲ್ಲ, ಡಯಾಲಿಸಿಸ್ ಇಲ್ಲದ ದಿನ ಆ ಕಿಟಕಿಯ ಕೆಳಗೇ ಕುರ್ಚಿ.

ಅತ್ತೆ ಆನಗೋಡಿನಿಂದ ಬಂದದ್ದು ಮಗನನ್ನು ನೋಡಿಕೊಳ್ಳಲು. ಬೆಳಿಗ್ಗೆ ಸ್ನಾನವಾದ ಕೂಡಲೇ ಅವರ ಲಿಂಗಪೂಜೆ. ಲಿಂಗಕ್ಕೆ ಎರೆದ ನೀರು ಯಾರ ಕಾಲಿಗೂ ಸಿಗಬಾರದು. ಊರಲ್ಲಾದರೆ ಹಿತ್ತಲಿನ ಪತ್ರೆ ಮರದ ಬುಡಕ್ಕೆ ಹಾಕುತ್ತಿದ್ದರು. ನಮ್ಮದು ಮಹಡಿಯ ಬಾಡಿಗೆ ಮನೆ, ಮಣ್ಣೆಲ್ಲಿದೆ? ಬಚ್ಚಲಿಗೆ ಚೆಲ್ಲುವಂತಿಲ್ಲ. ಬಾಲ್ಕನಿಯ ಕುಂಡಗಳು ನೆಲದ ಮೇಲಿವೆ, ಹಾಕಿದ ನೀರು ಹರಿದು ಕಾಲಿಗೆ ಬರುತ್ತದೆ. ಮನೆಯನ್ನೆಲ್ಲ ನೋಡಿ ಅವರು ಆರಿಸಿದ್ದು ಈ ತೂಗುಕುಂಡವನ್ನು. "ಇದನ್ನ ಯಾರೂ ದಾಟಲ್ಲ, ತುಳಿಯಲ್ಲ. ಶಿವನೇ ತೋರಿಸ್ಯಾನ" ಎಂದರು. ಸೋರುವುದು ಕಾಲಿಗೆ ಬೀಳಬಾರದೆಂದು ಕುಂಡದ ತಳದ ತೂತಿಗೆ ಬಟ್ಟೆ ತುರುಕಿದರು. ನಾನು ತೆಗೆಯುವುದು, ಅವರು ತುರುಕುವುದು.

"ಅತ್ತೆ, ನೀರು ಜಾಸ್ತಿ ಆದ್ರೆ ಇದು ಕೊಳೀತೈತೆ" ಎಂದರೆ, "ನೀರು ಕುಡಿದು ಸತ್ತ ಗಿಡ ಎಲ್ಲೈತವ್ವ? ಆ ಹರಿಹರದಾಕಿ ನಿನಗೆ ಚಾಷ್ಟಿ ಮಾಡ್ಯಾಳ" ಎಂದು ನಗುತ್ತಿದ್ದರು.

ಮಗನ ವಿಷಯದಲ್ಲೂ ಅದೇ ಮಾತು. ಅಳತೆಗಿಂತ ಹೆಚ್ಚು ನೀರು ಕೊಡಬೇಡಿರೆಂದು ಡಾಕ್ಟರು ಅವರ ಎದುರಿಗೇ ಹೇಳಿದ್ದರು. ನಮ್ಮ ಊರಿನ ಬಿಸಿಲು ನಿನಗೆ ಗೊತ್ತಿದೆ. ಬಾಯಾರಿ ನಾಲಿಗೆ ಒಣಗಿದ ಮನುಷ್ಯ ನನ್ನನ್ನು ಕೇಳಿದರೆ ಒಂದು ಐಸ್ ತುಂಡು ಸಿಗುತ್ತಿತ್ತು. ನಾನು ಶಾಲೆಗೆ ಹೋದ ಮೇಲೆ ಅಮ್ಮನನ್ನು ಕೇಳಿದರೆ ಚೊಂಬು ತುಂಬ ಮಜ್ಜಿಗೆ, ಎಳನೀರು, ಕಲ್ಲಂಗಡಿ. ಗೊತ್ತಾದಾಗಲೆಲ್ಲ ಜಗಳವಾಡಿದೆ. "ಹಡೆದಾಕಿ ಮುಂದ ಮಗ ನೀರು ಅಂದ್ರೆ ಹೆಂಗ ಇಲ್ಲ ಅನ್ನಲಿ? ನಿನ್ನಂಗೆ ಗಟ್ಟಿ ಎದಿ ನನಗಿಲ್ಲ" ಎಂದರು. ಪ್ರಭು ಗೋಡೆಯ ಕಡೆ ತಿರುಗಿ ಮಲಗಿದ್ದರು.

ಯುಗಾದಿ ಮುಗಿದ ವಾರ, ಡಯಾಲಿಸಿಸ್‌ಗೆ ಇನ್ನೂ ಒಂದು ದಿನವಿತ್ತು. ಪೇಪರ್ ತಿದ್ದಿ ಮನೆಗೆ ಬಂದಾಗ ಅವರು ಮಂಚದ ಮೇಲೆ ಕುಳಿತು ಉಸಿರಿಗೆ ಒದ್ದಾಡುತ್ತಿದ್ದರು. ಮಲಗಲು ಆಗುತ್ತಿರಲಿಲ್ಲ. ಆಸ್ಪತ್ರೆ ಮುಟ್ಟಿದರೂ ಉಳಿಯಲಿಲ್ಲ. ಶ್ವಾಸಕೋಶದಲ್ಲಿ ನೀರು ತುಂಬಿತ್ತು ಎಂದು ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು ಹೇಳಿದರು. ಅತ್ತೆ ದೂರದ ಬೆಂಚಿನ ಮೇಲಿದ್ದರು. ಬಂದು "ಏನಂದ್ರು?" ಎಂದಾಗ, "ಹಾರ್ಟ್ ನಿಂತೋತಂತೆ ಅತ್ತೆ" ಎಂದೆ. ನೀನು ಮಣ್ಣಿಗೆ ಬಂದಾಗ ನಿನಗೂ ಅದನ್ನೇ ಹೇಳಿದ್ದೆ. ಇವತ್ತಿಗೂ ಅವರು ಬಂದವರಿಗೆಲ್ಲ ಅದನ್ನೇ ಹೇಳುತ್ತಾರೆ. ಅದನ್ನು ಹೇಳಿಕೊಂಡೇ ಎರಡು ತುತ್ತು ಉಣ್ಣುತ್ತಾರೆ.

ಬಳ್ಳಿಯ ಕಡೆ ಆಮೇಲೆ ನನ್ನ ಗಮನ ಹೋಗಲಿಲ್ಲ. ಅವರ ಪೂಜೆ ಮಾತ್ರ ಉದ್ದವಾಯಿತು, ನೀರೂ ಹೆಚ್ಚಾಯಿತು. ಎಲೆ ಹಳದಿಯಾಗಿ, ಮೆತ್ತಗಾಗಿ, ಮುಟ್ಟಿದರೆ ಕಳಚತೊಡಗಿತು. ವಾಸನೆ ಬರುತ್ತಿದೆ ಎಂದು ಹೋದ ವಾರ ಕೆಳಗಿನ ಮನೆಯ ಯೋಗರಾಜ್ ಸ್ಟೂಲು ಹತ್ತಿ ಕುಂಡ ಇಳಿಸಿದ. ಮಣ್ಣು ಕೊಡವಿದರೆ ಬೇರು ಕಪ್ಪಾಗಿ ಲೋಳೆಯಾಗಿತ್ತು.

"ಅಕ್ಕಾರೆ, ಇದಕ್ಕೇನು ಸ್ವಿಮ್ಮಿಂಗ್ ಕಲಿಸ್ತಿದ್ರೇನ್ರಿ?" ಎಂದು ನಕ್ಕ.

"ಹುಳ ಬಿದ್ದೈತೆ, ಬಿಸಾಕು" ಎಂದೆ.

"ಹುಳ ಎಲ್ಲೈತ್ರಿ? ತೋರಿಸ್ರಿ ನೋಡಾಣ. ನೀರು ಜಾಸ್ತಿ ಆಗಿ ಸತ್ತೈತೆ."

ಅತ್ತೆ ಬಾಗಿಲಲ್ಲಿ ನಿಂತಿದ್ದರು. "ನೀರು ಜಾಸ್ತಿ ಆದ್ರೆ ಸಾಯ್ತೈತೇನಪ್ಪ?"

"ಹೂನಜ್ಜಿ. ಒಳಗ ನೀರು ತುಂಬ್ಕೊಂಡ್ರೆ ಬೇರಿಗೆ ಉಸಿರಾಡಾಕ ಆಗಲ್ಲ. ಉಸಿರು ಕಟ್ಟಿ ಸಾಯ್ತೈತೆ."

ಪಾಪ, ಅವನಿಗೇನು ಗೊತ್ತು. ಕುಂಡ ಎತ್ತಿಕೊಂಡು ಹೋದ. ಅತ್ತೆ ಆ ಹೊತ್ತು ಉಣ್ಣಲಿಲ್ಲ. ಮರುದಿನ ಪೂಜೆಯ ನೀರಿನ ಬಟ್ಟಲು ಹಿಡಿದು ಖಾಲಿ ಕೊಕ್ಕೆಯ ಕೆಳಗೆ ಬಹಳ ಹೊತ್ತು ನಿಂತರು. ಆಮೇಲೆ ಅದನ್ನು ತಾವೇ ಕುಡಿದರು. "ಪ್ರಭೂನೂ ಉಸಿರಿಗೇ ಒದ್ದಾಡಿದ್ನಲ್ಲ" ಎಂದರು. ಹಾರ್ಟ್ ನಿಲ್ಲುವಾಗಲೂ ಹಾಗೇ ಆಗುತ್ತದೆ ಎಂದೆ. ಅವರು ನನ್ನ ಮುಖ ನೋಡಿ, "ನೀನು ಹುಳ ಅಂದಿ, ಆ ಹುಡುಗ ನೀರು ಅಂದ. ಗಿಡ ಕೊಟ್ಟಾಕಿ ಬರ್ಲಿ, ಕೇಳ್ತೀನಿ. ಗುಲ್ನಾಜ್ ಸುಳ್ಳು ಹೇಳಲ್ಲ" ಎಂದರು. ನೀನು ಬರುವ ದಿನ ಯಾವಾಗ ಎಂದು ಅಂದಿನಿಂದ ದಿನವೂ ಕೇಳುತ್ತಿದ್ದಾರೆ.

ಇದು ಸರಿಯೋ ತಪ್ಪೋ ನನಗೆ ತಿಳಿಯದು. ನಿಜ ತಿಳಿಯುವ ಹಕ್ಕು ಅವರಿಗಿದೆ ಎಂದು ನೀನು ವಾದಿಸಬಹುದು. ಇರಬಹುದು. ಆದರೆ ಎಪ್ಪತ್ತು ದಾಟಿದ ಹೆಂಗಸು ಅದನ್ನು ತಿಳಿದುಕೊಂಡು ಏನು ಮಾಡಬೇಕು? ತಾವು ಕೊಟ್ಟ ಪ್ರತಿ ಚೊಂಬನ್ನೂ ನೆನೆಸಿಕೊಳ್ಳುತ್ತಾ ಕೂರುತ್ತಾರೆ. ಹುಳ ಅಂತ ಹೇಳು. ಇನ್ನೊಂದು ಕಡ್ಡಿ ತರುತ್ತೇನೆ ಎಂದಿದ್ದೆ, ತರಬೇಡ. ಈ ಮನೆಯಲ್ಲಿ ಅದಕ್ಕೆ ಜಾಗವಿಲ್ಲ.

ಸುಫಿಯಾನನಿಗೂ ಚಿಕ್ಕವಳಿಗೂ ನನ್ನ ಆಶೀರ್ವಾದ. ಬೀಬಿಜಾನ್ ಅಮ್ಮನಿಗೆ ಸಲಾಮ್ ತಿಳಿಸು. ನಿನ್ನ ಸಂಸಾರ ತಣ್ಣಗಿರಲಿ.

ನಿನ್ನ,
ನಯನಾ

ತಾ.ಕ.: ನೀರು ಕೊಡಬೇಡಿ ಎಂದು ಅಷ್ಟು ಜಗಳವಾಡಿದವಳು ಈಗ ಯಾಕೆ ಅತ್ತೆಯನ್ನು ಕಾಯುತ್ತಿದ್ದೇನೆ ಎಂದು ನಿನಗನ್ನಿಸಬಹುದು. ಮಣ್ಣು ಮಾಡುವ ಮುಂಚೆ ಪ್ರಭುವಿನ ಬಾಯಿಗೆ ತೀರ್ಥ ಬಿಡಲು ಹಿರಿಯರು ಮೊದಲು ನನ್ನನ್ನೇ ಕರೆದರು. ಒಂದು ಚಮಚ ಬಿಟ್ಟು ಕೈ ಹಿಂದಕ್ಕೆ ತೆಗೆದುಕೊಂಡೆ. "ಇನ್ನೊಂದೀಟು ಬಿಡವ್ವ" ಎಂದು ಯಾರೋ ಹೇಳಿದರು. "ಬ್ಯಾಡ್ರಿ, ಸಾಕು" ಎಂದುಬಿಟ್ಟೆ. ನನ್ನ ಗಂಡನಿಗೆ ನಾನು ಆಡಿದ ಕೊನೆಯ ಮಾತು ಅದೇ. ಅತ್ತೆ ಪಕ್ಕಕ್ಕೆ ಬಂದು, ಚಮಚ ಹಿಡಿದ ನನ್ನ ಕೈಯನ್ನು ತಮ್ಮ ಕೈಯಲ್ಲಿ ಹಿಡಿದು, "ಕೊಡವ್ವ, ಈಗ ಕೊಡಬೌದು" ಎಂದು ಬಟ್ಟಲು ಮುಗಿಯುವವರೆಗೆ ನನ್ನ ಕೈಯಿಂದಲೇ ಅವರಿಗೆ ನೀರು ಕುಡಿಸಿದರು.