ಬಂಡಾಯಗಾರನ ಕಲ್ಲಿಗೆ ಒಂದು ಸಾಲು ಹೆಚ್ಚು

ಮಾರ್ಚ್ 3, ಬೆಳಿಗ್ಗೆ
ಕಲ್ಲು ಒರೆಸಿ ಗೆರೆ ಎಳೆದೆ. ಅಪ್ಪ ಉಳಿಗಳಿಗೆ ಸಾಣೆ ಹಿಡಿಯುತ್ತಾ ಕೂತಿದ್ದಾನೆ. ಗೋರಿಕಲ್ಲು ಕೆತ್ತುತ್ತಾ ನಲವತ್ತೆರಡು ವರ್ಷ. ಈಗ ಕೈ ನಡುಕ. ಈ ಬಂಡಾಯ ನಾಯಕನ ಕಲ್ಲೇ ಕೊನೆಯದಂತೆ. ನಾನೇ ಕೆತ್ತುತ್ತೇನೆ ಎಂದರೆ —
"ಗಡೀಲಿ ಆತ ದಂಗೆ ಎದ್ದಾಗ ನಮ್ಮ ತಾತ ಜೊತೆಗಿದ್ದ ಕಣೇ. ಗಲ್ಲಿಗೆ ಹಾಕಿ ಹೊಲದ ಬದಿಗೆ ಹೂತುಬಿಟ್ರು. ತೊಂಬತ್ತು ವರ್ಷ ಒಂದು ಕಲ್ಲೂ ಇಲ್ಲ. ಇದು ನನ್ನ ಕೆಲಸ."
ಸುತ್ತಿಗೆಯನ್ನು ಅವನತ್ತ ಸರಿಸಿದೆ.
ಸ್ಮಾರಕ ಸಮಿತಿ ಕೊಟ್ಟ ಬರಹ ಮೂರೇ ಸಾಲು. ಹೆಸರು, ಇಸವಿ, ಆಮೇಲೆ 'ಗಡಿ ಬಂಡಾಯದ ನಾಯಕ. ತಲೆ ಬಾಗಿಸಲಿಲ್ಲ.' ಒಂದಕ್ಷರ ಆಚೀಚೆ ಆಗಬಾರದು ಎಂದು ಕಾರ್ಯದರ್ಶಿ ಎರಡು ಸಲ ಫೋನ್ ಮಾಡಿದರು. ಅಲ್ಪವಿರಾಮಕ್ಕೂ ಮೀಟಿಂಗ್ ಕರೆಯುವ ಮನುಷ್ಯ.

ಮಾರ್ಚ್ 9
ಎರಡು ಸಾಲು ಮುಗಿಯಿತು. ಉಳಿ ಕಲ್ಲಿಗೆ ತಾಗಿದ ಕೂಡಲೇ ಅಪ್ಪನ ನಡುಕ ನಿಲ್ಲುತ್ತದೆ. ಹೇಗೋ! ನೋಡುತ್ತಾ ಕಣ್ಣು ತುಂಬಿತು. ಕೇಳಿದಾಗ ಧೂಳು ಎಂದೆ.

ಮಾರ್ಚ್ 12, ಸಂಜೆ
ಹೊಸ ಸಾಣೆಕಲ್ಲು ತರಲು ಪೇಟೆಗೆ ಹೋಗಿದ್ದೆ. ಹೋಗಬಾರದಿತ್ತು. ಬಂದು ನೋಡಿದರೆ ನಾಲ್ಕನೇ ಸಾಲು... 'ಸುಖವಾಗಿ ಮಲಗು.'
ಎಲ್ಲ ಗೋರಿಗೂ ಅಪ್ಪ ಕೊನೆಗೆ ಕೆತ್ತುವ ಸಾಲು ಅದು. ಕೈ ತಾನಾಗಿಯೇ ಹೋಗಿದೆ.
"ಇದನ್ಯಾರು ಹೇಳಿದ್ರಪ್ಪಾ?"
ಬಗ್ಗಿ ಓದಿದ. "ನಾನು ಕೆತ್ತಿದ್ನಾ?" ಎಂದ.
ಅಳಿಸಲು ಇದೇನು ಸ್ಲೇಟೇ? ಕಲ್ಲಿನ ಇಡೀ ಮುಖವನ್ನು ಗ್ರೈಂಡರ್‌ನಲ್ಲಿ ಉಜ್ಜಿ ಮೊದಲಿನಿಂದ ಶುರು ಮಾಡಬೇಕು. ಅಪ್ಪನಿಂದ ಇನ್ನೊಮ್ಮೆ ಆಗದು. ಉಳಿಗಳನ್ನೆಲ್ಲ ಚೀಲಕ್ಕೆ ಹಾಕಿ ಬಾಯಿ ಕಟ್ಟಿದ. ನನ್ನನ್ನು ಬೈದಿದ್ದರೂ ಚೆನ್ನಾಗಿತ್ತು.

ಮಾರ್ಚ್ 13
ಗ್ರೈಂಡರ್ ಕೈಗೆತ್ತಿಕೊಂಡೆ, ಇಟ್ಟೆ. ಮತ್ತೆ ಎತ್ತಿಕೊಂಡೆ. ಆಗಲಿಲ್ಲ. ಸಮಿತಿಗೆ ಫೋನ್ ಮಾಡಿ ನಿಜ ಹೇಳಿಬಿಟ್ಟೆ.

ಮಾರ್ಚ್ 15
ಕಾರ್ಯದರ್ಶಿ ಬಂದರು. ಜೊತೆಗೆ ನಾಯಕನ ಮೊಮ್ಮಗಳು — ಎಂಬತ್ತು ದಾಟಿದ ನಿವೃತ್ತ ನರ್ಸ್, ಊರಿಗೆಲ್ಲ ನರ್ಸಮ್ಮ, ಕೋಲು ಹಿಡಿದರೂ ನಡಿಗೆ ಚುರುಕು.
"ಬಂಡಾಯಗಾರನಿಗೆ ಲಾಲಿ ಹಾಡಿದ್ದೀರಲ್ರೀ! ಜನ ನಗ್ತಾರೆ," ಎಂದರು ಕಾರ್ಯದರ್ಶಿ.
ನರ್ಸಮ್ಮ ಆ ಸಾಲಿನ ಮೇಲೆ ಬೆರಳಾಡಿಸಿದರು. "ಕೊನೇ ಎರಡು ವರ್ಷ ಅಜ್ಜ ಒಂದಿನಾನೂ ಬೂಟು ಬಿಚ್ಚಿ ಮಲಗಿಲ್ವಂತೆ. ನಮ್ಮಜ್ಜಿಗೆ ಸಾಯೋವರೆಗೂ ಅದೇ ಕೊರಗು. ಲಾಲಿ ಅಂತಾನೇ ಅನ್ಕೊಳ್ಳಿ. ಯಾರಾದ್ರೂ ಹಾಡ್ಬೇಕಿತ್ತಲ್ಲ?"
ಕಾರ್ಯದರ್ಶಿ ಬರಹದ ಹಾಳೆಯನ್ನು ಮಡಚಿ ಜೇಬಿಗಿಟ್ಟರು. ಕಲ್ಲು ಉಳಿಯಿತು.
ನನಗೆ ಕುಣಿಯುವಷ್ಟು ಖುಷಿ. ಅಪ್ಪ ಮಾತ್ರ ಮೂಲೆಯಿಂದ, "ತಪ್ಪು ತಪ್ಪೇ," ಎಂದು ಎದ್ದು ಒಳಗೆ ಹೋದ.

ಮಾರ್ಚ್ 29
ಕಲ್ಲು ನಿಲ್ಲಿಸಿ ಬಂದೆವು. ಜನ ಓದಿದರು, ಯಾರೂ ನಗಲಿಲ್ಲ. ಅಪ್ಪ ಬರಲಿಲ್ಲ. ಚೀಲದ ಗಂಟು ಹಾಗೆಯೇ ಇದೆ. ಇಡೀ ದಿನ ಕಿಟಕಿ ಪಕ್ಕ ಕೂರುತ್ತಾನೆ, ಕೈಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು. ಅಪ್ಪ ಹೀಗೆ ಮುಗಿದುಹೋಗುತ್ತಾನಾ ಎಂದು ಭಯ.

ಏಪ್ರಿಲ್ 11
ನರ್ಸಮ್ಮ ಮತ್ತೆ ಬಂದರು. ಆರ್ಡರ್ ಕೊಡಲು. ಅವರದೇ ಕಲ್ಲು!
"ನಂಗೇನೂ ಅವಸರ ಇಲ್ಲ. ಆದ್ರೆ ನೀವೇ ಕೆತ್ಬೇಕು. ಆ ಸಾಲು ಬೇಕೇ ಬೇಕು."
"ಏನಾದ್ರೂ ಮರೆತುಬಿಟ್ರೆ?" ಅಪ್ಪನ ದನಿ ಬಹಳ ಸಣ್ಣದು.
"ಅಜ್ಜನಿಗೆ ಕೆತ್ತಿದ್ದೂ ಮರೆತೇ ಅಲ್ವಾ?"
ಅಪ್ಪ ನಕ್ಕುಬಿಟ್ಟ. ತಿಂಗಳಾಗಿತ್ತು ಅವನು ನಕ್ಕು.

ಏಪ್ರಿಲ್ 14, ಬೆಳಿಗ್ಗೆ
ಗಂಟು ತಾನೇ ಬಿಚ್ಚಿದ. "ಪಕ್ಕದಲ್ಲೇ ನಿಂತಿರು. ಕೈ ಎಲ್ಲಾದ್ರೂ ಹೊರಟರೆ ಹಿಡ್ಕೋ."
ಮೊದಲ ಅಕ್ಷರಕ್ಕೇ ಹೆದರಿ ಮಣಿಕಟ್ಟು ಹಿಡಿದೆ.
"ಬಿಡೇ, ಇನ್ನೂ ಎಲ್ಲಿಗೂ ಹೊರಟಿಲ್ಲ."
ಬಿಡಲಿಲ್ಲ. ಬೆಚ್ಚಗಿತ್ತು. ಹಾಗೇ ಇಬ್ಬರೂ ಸೇರಿ ಒಂದಕ್ಷರ ಕೆತ್ತಿದೆವು. ಈಗ ಎರಡನೆಯದಕ್ಕೆ ಕರೆಯುತ್ತಿದ್ದಾನೆ, ಬಂದೆ ಅಪ್ಪಾ ಬಂ—